ಶೇಕಡಾ ಎಪ್ಪತ್ತರ ಮಳೆ

ಶಿವರಾತ್ರಿ ಕಳೆದು ಹತ್ತು ದಿನವಾಗಿತ್ತು. ಶಿವ ಶಿವ ಎಂದು ಹೊರಟಿದ್ದ ಚಳಿ ಇನ್ನೂ ಹೊಸಿಲಲ್ಲೇ ನಿಂತಿತ್ತು. ಬೆಳಿಗ್ಗೆ ಸ್ವೆಟರ್, ಮಧ್ಯಾಹ್ನ ಫ್ಯಾನು, ಸಂಜೆ ಛತ್ರಿ. ಇಂಥ ದಿನಗಳಲ್ಲಿ ಸಂಡಿಗೆ ಇಡುವುದಕ್ಕೆ ಧೈರ್ಯ ಬೇಕು. ಮೈಸೂರಿನ ಹೆಬ್ಬಾಳದ ಸುಷ್ಮಾಗೆ ಅದು ಬೇಕಾದಷ್ಟಿತ್ತು.

ಅವತ್ತು ಅವಳಿಗೆ ಫ್ಯಾಕ್ಟರಿಯ ವಾರದ ರಜೆ. ಅಕ್ಕಿಹಿಟ್ಟಿನ ಗಂಜಿ ತಿರುವುತ್ತಿದ್ದಾಗ ಅಮ್ಮ ಮಂಜುಳಮ್ಮನ ಫೋನಿನಿಂದ ದಿನಾ ಕೇಳುವ ದನಿ ಬಂತು.

“ರೈತ ಬಾಂಧವರೇ, ನಂಜನಗೂಡು, ಹುಣಸೂರು, ಮೈಸೂರು ಸುತ್ತಮುತ್ತ ಇಂದು ಗುಡುಗು ಸಹಿತ ಮಳೆಯಾಗುವ ಸಾಧ್ಯತೆ ಶೇಕಡಾ ಎಪ್ಪತ್ತು. ಮಾವಿಗೆ ಔಷಧಿ ಹೊಡೆಯುವುದನ್ನು ಮುಂದೂಡಿ. ಗೊನೆ ಬಿಟ್ಟ ಬಾಳೆಗೆ ಊರುಗೋಲು ಕೊಡಿ.”

ಆ ದನಿ ಶಿವಕಿರಣ್‌ದು. ರೈತರಿಗೆ ಹವಾಮಾನ ತಿಳಿಸುವ ಆಫೀಸಿನವನು; ಎಂಟು ತಿಂಗಳಿಂದ ಇವರದೇ ತಾರಸಿಯ ರೂಮಿನಲ್ಲಿ ಬಾಡಿಗೆಗಿದ್ದ. ಒಂದು ಗುಂಟೆ ಹೊಲವೂ ಇಲ್ಲದಿದ್ದರೂ ಮಂಜುಳಮ್ಮ ಅವನ ರೈತರ ವಾಟ್ಸಾಪ್ ಗುಂಪಿಗೆ ಸೇರಿಕೊಂಡಿದ್ದರು. ಹಪ್ಪಳ ಸಂಡಿಗೆಯೂ ಒಂದು ಬೆಳೆಯೇ ಎಂಬುದು ಅವರ ವಾದ.

ದಿನಾ ಬೆಳಿಗ್ಗೆ ಮೆಟ್ಟಿಲ ಮೇಲೆ ಸುಷ್ಮಾ ಕೇಳುವಳು, “ಇವತ್ತು ಬಟ್ಟೆ ಒಣಗ್ತವಾ?”

“ಒಣಗಬೋದು. ಶೇಕಡಾ ಎಂಬತ್ತು,” ಎನ್ನುವನು. ಅವನ ಕಣ್ಣು ಅವಳ ಒದ್ದೆ ಕೂದಲ ತುದಿಯಲ್ಲಿ ಒಂದು ಗಳಿಗೆ ನಿಂತು, ಸಿಕ್ಕಿಬಿದ್ದ ಹಾಗೆ ಆಕಾಶಕ್ಕೆ ಓಡುವುದು. ಮೋಡವೇ ಇಲ್ಲದ ಆಕಾಶವನ್ನು ಅಷ್ಟು ಶ್ರದ್ಧೆಯಿಂದ ನೋಡುವ ಗಂಡಸನ್ನು ಅವಳು ಬೇರೆಲ್ಲೂ ಕಂಡಿರಲಿಲ್ಲ.

ಅವನ ಮನಸ್ಸು ಅವಳಿಗೆ ಗೊತ್ತಿತ್ತು. ತನ್ನದೂ ಗೊತ್ತಿತ್ತು. ಬಾಕಿಯಿದ್ದದ್ದು ಅವನ ಬಾಯಿ. ಭಾನುವಾರ ಗುಂಡ್ಲುಪೇಟೆಯಿಂದ ಹೆಣ್ಣು ನೋಡಲು ಬರುತ್ತಾರೆ ಎಂದು ಸೋಮವಾರ ಅವಳು ಬೇಕೆಂದೇ ಹೇಳಿದಾಗ, ಅವನು ಬಿಳಿಚಿಕೊಂಡು, “ಒಳ್ಳೇದಾಗೋ ಸಾಧ್ಯತೆ ಇದೆ,” ಎಂದಿದ್ದ. ಕೈಯಲ್ಲಿ ಸೌಟಿದ್ದಿದ್ದರೆ ಅವತ್ತೇ ಬೀಸುತ್ತಿದ್ದಳು.

ಇವತ್ತು ಶುಕ್ರವಾರ. ಅವಳು ಗಂಜಿ ಪಾತ್ರೆ ಎತ್ತಿಕೊಂಡು ತಾರಸಿಗೆ ಹೊರಟಳು.

“ಮಳೆ ಅಂತ ಹೇಳಿದ್ರೂ ಇಡ್ತೀಯೇನೇ? ಭಾನುವಾರ ಬರೋರಿಗೆ ಕರಿಯಕ್ಕೆ ಇರೋದು ಅದೊಂದೇ ಕಣೇ!” ಎಂದರು ಮಂಜುಳಮ್ಮ.

“ಇಡ್ತೀನಿ ಕಣಮ್ಮ. ನಿನ್ ಫೋನ್ ಕೊಡು.”

ಅಮ್ಮನ ಹಳೇ ವಾಯಿಲ್ ಸೀರೆ ಒದ್ದೆ ಮಾಡಿ ಹಾಸಿ, ಸಾಲುಸಾಲಾಗಿ ಸಂಡಿಗೆ ಇಟ್ಟಳು. ಕಾಗೆ ಬೆದರಲೆಂದು ಪಕ್ಕದಲ್ಲಿ ಕಪ್ಪು ಛತ್ರಿ ಬಿಚ್ಚಿಟ್ಟಳು. ಫೋಟೋ ತೆಗೆದು ರೈತರ ಗುಂಪಿಗೇ ಹಾಕಿದಳು: “ಹೆಬ್ಬಾಳದಲ್ಲಿ ಸಂಡಿಗೆ ಇಟ್ಟಿದೆ. ಕಾಯುವವರು ಬೇಕು.”

ಎರಡೇ ನಿಮಿಷದಲ್ಲಿ ನಂಜನಗೂಡು ಕಡೆಯ ಬಾಳೆ ಬೆಳೆಗಾರ ಮೂಗಯ್ಯನ ದನಿ ಬಂತು. “ಮಳೆ ಬತ್ತದೆ ಅಂತ ಸಾರು ಯೋಳವ್ರಲ್ಲವ್ವ, ಎತ್ಬುಡು!”

ಅವಳು ಫೋನನ್ನು ಅಮ್ಮನಿಗೆ ವಾಪಸು ಕೊಟ್ಟು ಬಂದಳು.

ಒಂದು ಗಂಟೆಗೆ ಗೇಟು ಧಡ್ಡೆಂದಿತು. ಶಿವಕಿರಣ್ ಎರಡೆರಡು ಮೆಟ್ಟಿಲು ಹಾರಿ ಬಂದವನೇ, ಚಪ್ಪಲಿ ಒಂದು ಕಡೆ, ಬ್ಯಾಗು ಒಂದು ಕಡೆ ಎಸೆದು, ಸೀರೆಯ ತುದಿ ಹಿಡಿದು ಮಡಚತೊಡಗಿದ.

“ಹಿಡ್ಕೊಳ್ರೀ ಆ ಕಡೆ! ಬಂದ್ಬುಡುತ್ತೆ!”

“ಏನ್ ಬಂದ್ಬುಡುತ್ತೆ?”

ಅವನು ತಲೆಯೆತ್ತಿದ. ನೆತ್ತಿ ಸುಡುವ ಬಿಸಿಲು. ಚಾಮುಂಡಿ ಬೆಟ್ಟದ ಆಚೆ ಹತ್ತಿಯ ಉಂಡೆಯಷ್ಟು ಮೋಡ, ಅಷ್ಟೇ. ಮಡಚಿದ ಕಡೆಯ ಹಸಿ ಸಂಡಿಗೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು.

“ಆಫೀಸ್ ಬಿಟ್ಟು ಓಡಿಬಂದ್ರಾ?”

“ಅರ್ಧ ದಿನ ರಜಾ ಹಾಕ್ದೆ. ಬಸ್ಸಲ್ಲಿ ಬಂದೆ.”

“ಸಂಡಿಗೆಗೋಸ್ಕರ?”

ಅವನು ಸೀರೆಯನ್ನು ಮತ್ತೆ ಬಿಡಿಸಿ, ಅಂಟಿದ್ದನ್ನು ಒಂದೊಂದಾಗಿ ಬಿಡಿಸಲು ಕುಳಿತ. ಬಿಸಿಲು ತಾಳದೆ ಅವಳು ಛತ್ರಿ ಎತ್ತಿ ಇಬ್ಬರ ತಲೆಗೂ ಹಿಡಿದಳು. ಅವನ ಕಿವಿಗಳು ಕೆಂಪಾಗಿದ್ದವು. ಅದು ಬಿಸಿಲಿನ ಕೆಂಪಲ್ಲ.

“ನಿಮ್ ಬಾಯಲ್ಲಿ ಖಂಡಿತ ಅನ್ನೋ ಮಾತು ಬರೋದೇ ಇಲ್ವಾ?” ಎಂದಳು.

“ಸಾವಿರಾರು ಜನ ಕೇಳ್ಕೊಂಡಿರ್ತಾರೆ ಕಣ್ರೀ. ಖಂಡಿತ ಅಂದು ತಪ್ಪಿದ್ರೆ ಯಾರದೋ ಬೆಳೆ ಹೋಗುತ್ತೆ. ಹಂಗೇ ನಾಲಿಗೆ ರೂಢಿಯಾಗ್ಬುಟ್ಟಿದೆ.”

“ಇಲ್ಲಿ ಕೇಳೋಳು ನಾನೊಬ್ಬಳೇ. ಬೆಳೆ ಹೋದ್ರೆ ನಂದೇ ಹೋಗ್ಲಿ.”

ಅವನು ಕೈಯಲ್ಲಿದ್ದ ಸಂಡಿಗೆ ಕೆಳಗಿಟ್ಟ. ಈ ಸಲ ಆಕಾಶ ನೋಡಲಿಲ್ಲ. ಅವಳ ಹಣೆಯ ಬೆವರು, ಕೆನ್ನೆಗೆ ಮೆತ್ತಿದ ಗಂಜಿಯ ಚುಕ್ಕೆ, ನಗು ತಡೆದ ತುಟಿ, ಎಂಟು ತಿಂಗಳ ಬಾಕಿಯನ್ನೆಲ್ಲ ನಿಧಾನವಾಗಿ ನೋಡಿದ.

“ಭಾನುವಾರ ಅವರು ಬರೋದು ಬೇಡ. ನೀವು ಅಂದ್ರೆ ನಂಗಿಷ್ಟ. ಮದುವೆ ಆಗ್ತೀರಾ?”

“ಶೇಕಡಾ ಎಷ್ಟು?”

“ಖಂಡಿತ ಕಣ್ರೀ. ಖಂಡಿತ.”

ಛತ್ರಿಯ ಮೇಲೆ ಏನೋ ಟಪ್ ಎಂದಿತು. ಕಾಗೆಯೆಂದುಕೊಂಡು ಸುಷ್ಮಾ “ಹುಶ್” ಎಂದಳೇ ಹೊರತು ಅವನ ಮುಖದಿಂದ ಕಣ್ಣು ತೆಗೆಯಲಿಲ್ಲ. ಇನ್ನೊಂದು ಟಪ್. ಮತ್ತೆ ಹತ್ತು. ಸಣ್ಣ ಮೋಡ ಯಾವಾಗ ಬೆಟ್ಟ ಇಳಿದು ಹೆಬ್ಬಾಳದವರೆಗೆ ಬಂದಿತ್ತೋ ಇಬ್ಬರೂ ನೋಡಿರಲಿಲ್ಲ. ಎದ್ದು ನಿಲ್ಲುವಷ್ಟರಲ್ಲಿ ಸಂಡಿಗೆಗಳು ಮತ್ತೆ ಗಂಜಿಯಾಗಿ ಸೀರೆಯ ಹೂಗಳ ಮೇಲೆ ಹರಿಯುತ್ತಿದ್ದವು. ಮಣ್ಣಿನ ವಾಸನೆ ಮೇಲೆದ್ದಿತು. ಅವನು ಛತ್ರಿಯ ಹಿಡಿ ಹಿಡಿದ, ಅವಳು ಬಿಡಲಿಲ್ಲ. ಎರಡು ಕೈ ಒಂದೇ ಹಿಡಿಯ ಮೇಲೆ ಉಳಿದವು.

ಮೊರ ತಲೆಗಿಟ್ಟುಕೊಂಡು ಮಂಜುಳಮ್ಮ ಮೆಟ್ಟಿಲ ತುದಿಗೆ ಬಂದರು. ಸೀರೆ ನೋಡಿದರು, ಛತ್ರಿ ನೋಡಿದರು, ಹಿಡಿಯ ಮೇಲಿನ ಕೈಗಳನ್ನು ಇನ್ನೂ ಸ್ವಲ್ಪ ಹೊತ್ತು ನೋಡಿದರು.

“ಹವಾಮಾನದೋರು ಎದುರಿಗೇ ಕೂತಿದ್ದೂ ಒಂದು ಸಂಡಿಗೆ ಉಳೀಲಿಲ್ವಲ್ಲಪ್ಪಾ!”

“ಅಮ್ಮಾ...” ಎಂದಳು ಸುಷ್ಮಾ.

“ಗೊತ್ತಾಯ್ತು ಬುಡು. ನಂಗೂ ಕಣ್ಣಿದಾವೆ.” ಮಂಜುಳಮ್ಮ ಸೆರಗಿನಿಂದ ಫೋನ್ ಒರೆಸಿಕೊಂಡು ಕೆಳಗಿಳಿಯುತ್ತ ಹೇಳಿದರು, “ಗುಂಡ್ಲುಪೇಟೆಯೋರಿಗೆ ಈಗಲೇ ಹೇಳ್ಬುಡ್ತೀನಿ. ನಮ್ಮನೇಲಿ ಮಳೆ ಬಂದ್ಬುಡ್ತು, ಭಾನುವಾರ ಬರಬೇಡಿ ಅಂತ.”