ಎರಡು ಹಸಿರು ಗೆರೆ

“ಏ ಪಿಂಕಿ, ಈ ಮರಿ ನಿಮ್ಮಜ್ಜಂದ ಅಲ್ಲೇನ?”

ಛಾಯಾ ಪೇಪರಿನ ಫೋಟೋ ಮೇಲೆ ಬೆರಳಿಟ್ಟಳು. ಶಾಲೆಯ ಮಧ್ಯಾಹ್ನದ ಊಟದ ಹೊತ್ತು. ಪಿಂಕಿ ಖಿಚಡಿ ತಟ್ಟೆ ಕೆಳಗಿಟ್ಟಳು.

ಫೋಟೋದ ಹುಡುಗಿಯ ಮುಖ ಮಸುಕು ಮಾಡಿದ್ದರು. ಹೆಸರಿಲ್ಲ, ಊರಿಲ್ಲ. ಆದರೆ ಅವಳು ಎತ್ತಿಕೊಂಡಿದ್ದ ಬಿಳಿ ಮರಿಯ ಬೆನ್ನ ಮೇಲೆ ಎರಡು ಹಸಿರು ಗೆರೆ ಎದ್ದು ಕಾಣುತ್ತಿದ್ದವು. ಯಾರ ಕುರಿಗೆ ಯಾವ ಬಣ್ಣದ ಗುರುತು ಅಂತ ಈ ವಳಸಂಗ ಊರಲ್ಲಿ ಸಣ್ಣ ಕೂಸಿಗೂ ಗೊತ್ತು!

ಸುದ್ದಿ ಬರೆದವರು ಸೋಲಾಪುರದ ಪತ್ರಕರ್ತ ಉದಯಕುಮಾರ ಸರ್. ಪಾಪ, ಒಳ್ಳೆಯ ಮನುಷ್ಯ. ಪಿಂಕಿಗೆ ಎಚ್‌ಐವಿ ಇದೆ ಎಂದು ಹಿಂದಿನ ಊರಿನ ಶಾಲೆಯಲ್ಲಿ ಅವಳನ್ನು ಬಾಗಿಲ ಬಳಿ ಒಬ್ಬಳನ್ನೇ ಕೂರಿಸುತ್ತಿದ್ದರು. ಅವ್ವ ತೀರಿದ ಮೇಲೆ ಅವಳು ಇಲ್ಲಿಗೆ, ಧರೆಪ್ಪಜ್ಜನ ಮನೆಗೆ ಬಂದಳು. ಇಲ್ಲಿ ಯಾರಿಗೂ ಗೊತ್ತಿರಲಿಲ್ಲ.

“ಹಿಂಗ ಮಾಡಬಾರದು ಅಂತ ಮಂದಿಗೆ ತಿಳೀಬೇಕವ್ವಾ. ನಿನ್ನ ಗುರುತು ಹತ್ತಂಗಿಲ್ಲ,” ಅಂದಿದ್ದರು ಸರ್, ಅದನ್ನು ಬರೆಯುವ ಮುಂಚೆ. ಅಜ್ಜ ಹೂಂ ಅಂದ. ಫೋಟೋ ಚಂದ ಬರಲಿ ಅಂತ ಮರಿ ಎತ್ತಿಕೊಂಡವಳು ಪಿಂಕಿಯೇ!

ಛಾಯಾ ತನ್ನ ತಟ್ಟೆ ತೆಗೆದುಕೊಂಡು ಎದ್ದಳು. ದಿನಾ ಇವಳ ತಟ್ಟೆಗೇ ಕೈ ಹಾಕುತ್ತಿದ್ದವಳು.

“ನಮ್ಮ ಮಮ್ಮಿ ಬೈತಾಳ.”

ಕೂಡಿ ಉಂಡರೆ ಏನೂ ಆಗುವುದಿಲ್ಲ ಅಂತ ಆ ಸುದ್ದಿಯಲ್ಲೇ ಬರೆದಿತ್ತು. ಅದನ್ನು ಓದುವವರು ಯಾರು?

ಸಂಜೆ ಪಿಂಕಿ ಮರಿಯ ಬೆನ್ನಿಗೆ ಸಾಬೂನು ಹಚ್ಚಿ ಉಜ್ಜಿದಳು. ಮರಿ ಒದ್ದಾಡಿ ಅರಚಿತು. ಪಿಂಕಿಗೂ ಅಳು ಬಂತು.

“ಅಜ್ಜಾ, ಬಣ್ಣ ಹೋಗವಲ್ದು!”

“ಉಣ್ಣೆ ಕತ್ತರಿಸಿದಾಗ ಹೋಗತದವ್ವ,” ಅಂದ ಅಜ್ಜ. ಅವನ ಕಿವಿಗೆ ಫೋನಿತ್ತು. ಆಚೆ ಕಡೆಯಿಂದ ಸರ್ ಹೇಳುತ್ತಿದ್ದರು. “ಕುರಿ ಗುರುತು ನನಗ ಗೊತ್ತಿರಲಿಲ್ರಿ. ಕೇಳಬೇಕಿತ್ತು. ತಪ್ಪಾತು. ಮೊಬೈಲ್ ಪೇಪರಿನ್ಯಾಗಿಂದ ಫೋಟೋ ಈಗಲೇ ತಗಸ್ತೀನ್ರಿ.”

“ಮನಿಮನಿಗೆ ಪೇಪರ್ ಬಂದದಲ್ರಿ,” ಅಂದ ಅಜ್ಜ.

ಮರುದಿನ ತರಗತಿಯಲ್ಲಿ, ಛಾಯಾಳ ಪಕ್ಕದ ಪಿಂಕಿಯ ಜಾಗದಲ್ಲಿ ಛಾಯಾಳ ಬ್ಯಾಗ್ ಇತ್ತು. ಛಾಯಾ ತಲೆ ಎತ್ತಲಿಲ್ಲ. ಪಿಂಕಿ ಒಂದು ಗಳಿಗೆ ನಿಂತಳು. ಆಮೇಲೆ ಬಾಗಿಲ ಬಳಿ ಹೋಗಿ ಕೂತಳು.

“ಯಾಕ ಪಿಂಕಿ? ಅಲ್ಲಿ ಕೂಡು ಅಂತ ಯಾರಂದ್ರು?” ಸಾರಿಕಾ ಮೇಡಂ ಕೇಳಿದರು.

“ಯಾರೂ ಅಂದಿಲ್ರಿ, ಮೇಡಂ.”

ಅವಳು ಪುಸ್ತಕ ತೆಗೆದಳು. ಈ ಜಾಗ ಅವಳಿಗೆ ಮೊದಲೇ ರೂಢಿಯಿತ್ತು.