ಅರ್ಧಕ್ಕೆ ನಿಂತ ವಾಲಗ

ಹೊನ್ನಗುಡ್ಡದ ಏಳು ಸುತ್ತಿನ ಕೋಟೆಯ ಮೇಲೆ ಎಳೆಬಿಸಿಲು ಹರಡಿತ್ತು. ಲಾಯದಲ್ಲಿ ಪಟ್ಟದ ಕುದುರೆಗಳು ಕೆನೆಯುತ್ತಿದ್ದವು. ಹೂವಿನ ಬೀದಿಯಲ್ಲಿ ಮಲ್ಲಿಗೆಯ ಹೆಡಿಗೆಗಳು ಇಳಿಯುತ್ತಿದ್ದವು. ಅರಮನೆಯ ದೇವಗೃಹದ ಮುಂದೆ ರಾಜಭಜಂತ್ರಿ ತಿರುಮಳಯ್ಯನು ನಾಗಸ್ವರ ಊದುತ್ತಿದ್ದನು. ಅದರ ದನಿ ಕೆಳಗಿನ ಭಜಂತ್ರಿ ಕೇರಿಯವರೆಗೂ ಕೇಳಿಸುತ್ತಿತ್ತು. ದೊರೆ ಕಾಮರಸ ನಾಯಕರು ನಿರಾಯುಧರಾಗಿ ಪೂಜೆಗೆ ಕುಳಿತರೆ, ವಾಲಗ ಮೊಳಗುವಷ್ಟು ಹೊತ್ತು ಕಾವಲಿನವರು ಹೊರ ಅಂಗಳದಲ್ಲೇ ನಿಲ್ಲಬೇಕು. ಮಂಗಳಾರತಿಗೆ ಮೊದಲೇ ಅದು ನಿಂತರೆ ಕತ್ತಿ ಹಿರಿದು ಒಳನುಗ್ಗಬೇಕು. ಇದು ಆ ಸಂಸ್ಥಾನದ ಕಟ್ಟಳೆ. ಇಪ್ಪತ್ತು ವರ್ಷಗಳಲ್ಲಿ ತಿರುಮಳಯ್ಯನ ವಾಲಗ ಒಮ್ಮೆಯೂ ಅರ್ಧಕ್ಕೆ ನಿಂತಿರಲಿಲ್ಲ.

ಅಂದು ದಳವಾಯಿ ಭೈರರಸಯ್ಯನು ಮೆಲ್ಲನೆ ಬಂದು ಅವನ ಕಿವಿಯ ಬಳಿ ಬಾಗಿದನು.

"ಒಳಗೆ ನಮ್ಮವರಿಬ್ಬರು ಅಡಗಿದ್ದಾರೆ. ಏನೇ ಕೇಳಿಸಲಿ, ಊದುತ್ತಲೇ ಇರು. ನಾಳೆಯಿಂದ ಒಂದು ಹಳ್ಳಿ ನಿನ್ನದು. ನಿಲ್ಲಿಸಿದೆಯೋ, ಕೆಂಚನ ಕೈಯಲ್ಲಿ ಕಠಾರಿಯಿದೆ."

ಶ್ರುತಿ ಹಿಡಿದು ಪಕ್ಕದಲ್ಲಿದ್ದ ಕೆಂಚ ತಲೆಯೆತ್ತಲಿಲ್ಲ. ಅವನೂ ಊದಬಲ್ಲವನೇ, ಕಲಿಸಿದವನು ತಿರುಮಳಯ್ಯನೇ.

ತಿರುಮಳಯ್ಯನು ಊದುತ್ತಲೇ ಇದ್ದನು. ಅವನೇನು ಯೋಧನಲ್ಲ, ಸಾವೆಂದರೆ ಅವನಿಗೆ ಭಯವೇ. ಸುಮ್ಮನೆ ನಿಲ್ಲಿಸಿದರೆ ಕೆಂಚನು ವಾದ್ಯವನ್ನು ಕಸಿದು ಮುಂದುವರಿಸುವನೆಂದೂ ಅವನು ಬಲ್ಲನು. ನಾಗಸ್ವರಕ್ಕೆ ದನಿ ಕೊಡುವುದು ತುದಿಯಲ್ಲಿರುವ ಹುಲ್ಲಿನ ಪೀಪಿ. ಬದಲಿ ಪೀಪಿಗಳ ಗೊಂಚಲು ವಾದ್ಯಕ್ಕೆ ಕಟ್ಟಿದ ದಾರದಲ್ಲಿ ತೂಗುತ್ತಿತ್ತು.

ಒಳಗೆ ಏನೋ ಉರುಳಿದ ಸದ್ದಾಯಿತು. ತಿರುಮಳಯ್ಯನು ಗೊಂಚಲನ್ನು ಕಿತ್ತು ಎಡಗೈಯಲ್ಲಿ ಹೊಸಕಿ, ಬಾಯಲ್ಲಿದ್ದ ಪೀಪಿಯನ್ನು ಕಚ್ಚಿ ತುಂಡರಿಸಿದನು.

ವಾಲಗ ನಿಂತಿತು. ಕೆಂಚನ ಕಠಾರಿ ಅವನ ಪಕ್ಕೆಗೆ ಇಳಿಯಿತು. ಅಷ್ಟರಲ್ಲಿ ಕಾವಲಿನವರು ನುಗ್ಗಿ ಒಳಗಿದ್ದ ಹಂತಕರಿಬ್ಬರನ್ನೂ ಕಡಿದು ಕೆಡವಿದ್ದರು.

ರಕ್ತಸಿಕ್ತ ತೋಳಿನೊಡನೆ ದೊರೆ ಹೊರಬಂದಾಗ ದಳವಾಯಿ ಕೈಮುಗಿದನು. "ಮಹಾಪ್ರಭು, ಈ ಭಜಂತ್ರಿಯೇ ದ್ರೋಹಿ. ಕೆಂಚ ಅವನನ್ನು ಮುಗಿಸಿದ."

ನಾಯಕರು ಹೆಣದ ಬಳಿ ಮಂಡಿಯೂರಿ, ಬಿಗಿದ ಮುಷ್ಟಿಯನ್ನು ಬಿಡಿಸಿದರು. ಹಲ್ಲುಗಳ ನಡುವೆ ಸಿಕ್ಕಿದ್ದ ಹುಲ್ಲಿನ ಚೂರುಗಳನ್ನೂ ಕಂಡರು.

"ನನ್ನನ್ನು ಕೊಲ್ಲಿಸಬೇಕೆಂದಿದ್ದರೆ, ದಳವಾಯಿಗಳೇ, ಇವನು ಊದುತ್ತಲೇ ಇದ್ದಿದ್ದರೆ ಸಾಕಿತ್ತು" ಎಂದರು. ಕಾವಲಿನವರು ಭೈರರಸಯ್ಯನನ್ನೂ ಕೆಂಚನನ್ನೂ ಹಿಡಿದರು.

ಸಕಲ ಮರ್ಯಾದೆಯೊಡನೆ ಹೆಣವನ್ನು ಮನೆಗೆ ಕಳುಹಿಸಲು ಅಪ್ಪಣೆಯಾಯಿತು. ಕೆಳಗೆ ಭಜಂತ್ರಿ ಕೇರಿಯಲ್ಲಿ ಅವನ ಹೆಂಡತಿ ನಂಜವ್ವ, ಯಾರೂ ಬಂದು ಹೇಳುವ ಮೊದಲೇ, ಉರಿಯುವ ಒಲೆಗೆ ನೀರು ಸುರಿದು ಬಾಗಿಲಲ್ಲಿ ಬಂದು ಕುಳಿತಿದ್ದಳು.