ನನ್ನ ಹಾಡಿಗೆ ಯಾರದೋ ಮಾರಿ

ಕೂಲಿಂಗ್ ಗ್ಲಾಸ್ ಹಾಕಿಕೊಂಡು, ತುಟಿಗೆ ಕೆಂಪು ಬಳಿದುಕೊಂಡು, ಮೈದಾಹಿಟ್ಟಿನ ಬಣ್ಣದ ಒಬ್ಬ ಹುಡುಗಿ ನನ್ನ ದನಿಯಲ್ಲಿ ಹಾಡುತ್ತಿದ್ದಳು.

ನಾನು ಹೊಳೆಆಲೂರು ಸ್ಟೇಷನ್ನಿನಿಂದ ಮೆಣಸಗಿಗೆ ಹೊರಟ ಟಂಟಂ ಆಟೋದಲ್ಲಿ ಕೂತಿದ್ದೆ. ಡ್ರೈವರ್ ಹನಮಪ್ಪ ಹೊಸದಾಗಿ ಸ್ಕ್ರೀನ್ ಇರುವ ಟೇಪ್ ಕೂಡಿಸಿದ್ದ. ಹಾಡು ಶುರುವಾದರೆ ಅದರಲ್ಲಿ ಅಂಗೈಯಗಲ ಚಿತ್ರವೂ ಬರುತ್ತಿತ್ತು. ಉಳ್ಳಾಗಡ್ಡಿ ಮೊಳಕೆಯೊಡೆದರೂ ಏಳದೆ ಮಲಗಿದ ಗಂಡನನ್ನು ಹೆಂಡತಿ ಬೈಯುವ ಹಾಡು ಅದು. ಕಳೆ ತೆಗೆಯುತ್ತ ನಾನೇ ಕಟ್ಟಿದ್ದು, ಗಜೇಂದ್ರಗಡದ ಸ್ಟುಡಿಯೋದಲ್ಲಿ ನಾನೇ ಹಾಡಿದ್ದು. ಚಿತ್ರದವಳು ಹೊಲಕ್ಕೆ ಹೋಗುವುದಿರಲಿ, ಮನೆಯಲ್ಲಿ ಉಳ್ಳಾಗಡ್ಡಿ ಹೆಚ್ಚಿದವಳಂತೆಯೂ ಕಾಣುತ್ತಿರಲಿಲ್ಲ.

"ಹನಮಪ್ಪಣ್ಣ, ಇದು ನಾ ಹಾಡಿದ್ದು," ಎಂದೆ.

ಅವನು ಕನ್ನಡಿಯಲ್ಲಿ ನನ್ನನ್ನು ನೋಡಿದ, ಸ್ಕ್ರೀನ್ ನೋಡಿದ, ಮತ್ತೆ ನನ್ನನ್ನು ನೋಡಿ ನಕ್ಕ. "ಸುಳ್ಳ ಹೇಳಿದ್ರೂ ನಂಬೂಹಂಗ ಹೇಳಬೇಕವಾ ತಂಗಿ. ಇಕಿ ಹುಬ್ಬಳ್ಳಿ ಕಡಿಯಾಕಿ ಇರಬೇಕು."

ಹಿಂದೆ ಕೂತವರೂ ಹಲ್ಲು ಕಿಸಿದರು. ಹಾಡು ಅವರಿಗೆಲ್ಲ ಬಾಯಿಪಾಠ, ಹಾಡಿದವಳು ಮಾತ್ರ ಸುಳ್ಳು ಹೇಳುವವಳು. ಎಂಥ ಜಾಣ ಮಂದಿ! ನಾನು ದೊಡ್ಡದೇನನ್ನೂ ಕೇಳಿರಲಿಲ್ಲ. ಇದು ಮೆಣಸಗಿಯ ರೇಷ್ಮಾ ಹಾಡಿದ್ದು ಎಂದು ಕೇಳುವವರಿಗೆ ಗೊತ್ತಾಗಬೇಕು, ಅಷ್ಟೇ. ಅದಿಷ್ಟು ಸಿಗದಿದ್ದರೆ ಇನ್ನೊಂದು ಹಾಡು ಕಟ್ಟುವ ಮನಸ್ಸೂ ನನಗಿರಲಿಲ್ಲ.

ಇದು ಯಾರ ಕೆಲಸ ಎಂದು ಹುಡುಕಬೇಕಾಗಿರಲಿಲ್ಲ. ನಮ್ಮ ಕಡೆಯ ಟ್ರ್ಯಾಕ್ಟರು, ಟಂಟಂಗಳ ಪೆನ್‌ಡ್ರೈವಿಗೆಲ್ಲ ಹಾಡು ತುಂಬುವವನು ರೋಣದ ಬಸ್‌ಸ್ಟ್ಯಾಂಡ್ ಎದುರಿನ ಮೊಬೈಲ್ ಅಂಗಡಿಯ ಮೈಲಾರಿ.

ಮರುದಿನ ಹೋದಾಗ ಮಹಾರಾಜರು ಕಂಪ್ಯೂಟರ್ ಮುಂದೆ ವಿರಾಜಮಾನರಾಗಿದ್ದರು. ತಲೆಗೆ ಅರ್ಧ ಡಬ್ಬಿ ಜೆಲ್. ಸಾವಿರಾರು ಹಾಡುಗಳ ಒಡೆಯನಿಗೆ ಅಂಗಿಯ ಗುಂಡಿಗಳನ್ನು ಸರಿಯಾದ ಕಾಜಕ್ಕೆ ಹಾಕಲು ಮಾತ್ರ ಬಂದಿರಲಿಲ್ಲ. ನನ್ನನ್ನು ಕಂಡವನೇ ಗಡಬಡಿಸಿ ಎದ್ದ.

"ಬರ್ರಿ ರೇಷ್ಮಾ ಅವರ. ಚಾ ತರಸ್ಲೇನ್ರಿ?"

"ಚಾ ಆಕಿಗಿ ಕುಡಸ್ರಿ."

"ಯಾರಿಗ್ರಿ?"

"ನನ್ನ ಹಾಡಿಗಿ ಕೂಡಿಸೀರಲ್ಲ, ಆ ಕೆಂಪು ತುಟಿಯಾಕಿಗಿ. ಯಾರಾಕಿ? ನಿಮ್ಮ ಸೋದರತ್ತಿ ಮಗಳೇನು?"

ಅವನ ಕಿವಿ ಕೆಂಪಗಾದವು. "ನೆಟ್‌ನ್ಯಾಗ ಸಿಕ್ಕ ಫೋಟೋರಿ. ಯಾರಂತ ನನಗೂ ಗೊತ್ತಿಲ್ಲ."

ಅಪರಾಧ ಸಾಬೀತಾದ ಮೇಲೆ ಸಮಜಾಯಿಷಿ ಶುರುವಾಯಿತು. ಸ್ಕ್ರೀನ್ ನನ್ನ ಕಡೆ ತಿರುಗಿಸಿದ. ಸಾಲು ಸಾಲು ಚಿತ್ರಗಳು. ಭಜನೆಗೆ ದೇವರು, ಡೊಳ್ಳಿನ ಪದಕ್ಕೆ ಟಗರು, ಕೈಕೊಟ್ಟ ಪ್ರೀತಿಯ ಹಾಡಿಗೆ ನೀರು ತುಂಬಿದ ಕಣ್ಣು.

"ಗಾಡಿ ಹೊಡಿಯೋರು ಹೆಸರು ಓದೂದಿಲ್ರಿ. ಚಿತ್ರ ನೋಡಿ ಒತ್ತತಾರ. ಅದಕ್ಕ ಪ್ರತಿ ಹಾಡಿನ ಹೊಟ್ಟ್ಯಾಗೂ ಒಂದು ಚಿತ್ರ ಕೂಡಿಸಬೇಕಾಗತೈತ್ರಿ."

ನಾನೇ ಮೌಸ್ ಹಿಡಿದು ಕೆಳಗೆ ಸರಿಸಿದೆ. ಗಂಡಸರು ಹಾಡಿದ್ದಕ್ಕೆಲ್ಲ ಅವರವರದೇ ಮಾರಿ. ಮೀಸೆ ತಿರುವಿಕೊಂಡು, ಯಾರದೋ ಬುಲೆಟ್ಟಿಗೆ ಒರಗಿಕೊಂಡು ನಿಂತಿದ್ದರು. ಹೆಂಗಸರು ಹಾಡಿದ್ದಕ್ಕೆ ಗುಲಾಬಿ, ನವಿಲುಗರಿ, ಪರದೇಶದ ಹುಡುಗಿಯರು.

"ಸ್ಟುಡಿಯೋದವ್ರು ನನ್ನ ಫೋಟೋ ಕಳಿಸಿದ್ದಿಲ್ಲೇನು?"

"ಕಳಿಸಿದ್ರರಿ."

"ಚಂದ ಇದ್ದಿಲ್ಲೇನು?"

ಅವನು ಒಮ್ಮೆ ನನ್ನ ಮುಖ ನೋಡಿದ. ಕಣ್ಣು ಕೂಡುತ್ತಲೇ ಕೀಬೋರ್ಡಿನ ಧೂಳು ಒರೆಸತೊಡಗಿದ. "ಚಂದ ಇತ್ತ್ರಿ. ಭಾಳ ಚಂದ ಇತ್ತು. ಅದಕ್ಕಽ... ಕಂಡೋರ ಗಾಡ್ಯಾಗೆಲ್ಲಾ ನಿಮ್ಮ ಮಾರಿ ತಿರಗೂದು, ಹೋಗೋರು ಬರೋರು ಬಟ್ಟು ಹಚ್ಚಿ ಒತ್ತೂದು, ನನಗ ತಡಕೊಳ್ಳಾಕ ಆಗಲಿಲ್ರಿ. ನೀವಂದ್ರ ನನಗ ಜೀವ."

ಹುಡುಗಿಗೆ ನಾಚಿಕೆ ಬರಬೇಕಾದ ಮಾತು. ನನಗೆ ಮೈಯೆಲ್ಲ ಉರಿಯಿತು.

"ನನ್ನ ದನಿ ಅವರ ಗಾಡ್ಯಾಗ ಅಡ್ಡಾಡಿದ್ರ ನಡೀತೈತಿ, ಮಾರಿ ನಡಿಯೂದಿಲ್ಲ? ಕಪಾಟಿನ್ಯಾಗ ಇಟ್ಟು ಕೀಲಿ ಹಾಕೂದಕ್ಕ ಪ್ರೀತಿ ಅಂತೀಯೇನು?"

'ನೀವು' ಹೋಗಿ 'ನೀನು' ಆದದ್ದು ಇಬ್ಬರಿಗೂ ತಿಳಿಯಿತು. ಯಾರೂ ತಿದ್ದಲಿಲ್ಲ.

ನನ್ನ ಸಂಕಟ ಬೇರೆಯೇ ಇತ್ತು. ಹಾಡು ಹೊರಗೆ ಬಂದಾಗ ಎಲ್ಲರೂ "ಚಲೋ ಆಗೈತಿ" ಎಂದು ಕೈ ತೊಳೆದುಕೊಂಡಿದ್ದರು. ಈ ಪುಣ್ಯಾತ್ಮ ಒಬ್ಬನೇ ಫೋನ್ ಮಾಡಿ, "ಎರಡನೇ ನುಡಿಯಾಗ ಗಂಡನ್ನ ಬೈಯೂಮುಂದ ನಿಮಗ ನಗು ಬಂದಿತ್ತಲ್ರಿ?" ಎಂದು ಕೇಳಿದ್ದ. ಹೌದು, ಬಂದಿತ್ತು. ಅಷ್ಟು ಸಣ್ಣದನ್ನೂ ಕೇಳಿಸಿಕೊಂಡವನ ಮೇಲೆ ನನಗೆ ಅಂದೇ ಮನಸ್ಸಾಗಿತ್ತು. ಕಿವಿ ಇಷ್ಟು ಚಲೋ ಇದ್ದವನಿಗೆ ದೇವರು ತಲೆಯಲ್ಲಿ ಇಷ್ಟು ಮಣ್ಣು ಯಾಕೆ ತುಂಬಿದನೋ!

"ತಗಿ ಆಕಿನ್ನ," ಎಂದೆ.

ಅವನು ತೆಗೆದ. ಆ ಜಾಗಕ್ಕೆ ನನ್ನ ಫೋಟೋ ಕೂಡಿಸಿ, ಗುಡ್ಡ ಕಿತ್ತಿಟ್ಟವನ ಹಾಗೆ ಬೀಗಿದ. "ಆತ್ ನೋಡ್ರಿ."

"ಹನಮಪ್ಪಣ್ಣನ ಟೇಪಿನ್ಯಾಗೂ ಆತೇನು?"

ಮಾರಿ ಸಣ್ಣದಾಯಿತು. "ಇಲ್ರಿ. ತುಂಬಿ ಕೊಟ್ಟದ್ದರಾಗ ಹಳೇದಽ ಇರತೈತಿ. ಒಬ್ಬೊಬ್ಬರ ಪೆನ್‌ಡ್ರೈವ್ ಹಿಡದು ಮತ್ತ ತುಂಬಬೇಕು."

"ಹಂಗಾದ್ರ ಊರೂರು ತಿರಗು. ಅಲ್ಲೀಮಟ ಜೀವ ಗೀವ ಅನಕೋಂತ ನನ್ನ ಮುಂದ ಬರಬ್ಯಾಡ."

ನರಗುಂದಕ್ಕೆ ಹೋಗುವುದರೊಳಗೆ ಸಾಕಾಗಿ ಕೈಬಿಡುತ್ತಾನೆ ಎಂದುಕೊಂಡಿದ್ದೆ. ಬಿಡಲಿಲ್ಲ. ಅಂಗಡಿಯ ಬಾಗಿಲು ಎಳೆದು, ಲ್ಯಾಪ್‌ಟಾಪ್ ಬೆನ್ನಿಗೆ ಹಾಕಿಕೊಂಡು, ಬೈಕಿನ ಮೇಲೆ ಅಲೆದ. ಬೈಸಿಕೊಂಡ ಕೂಡ. ಕೆಂಪು ತುಟಿಯವಳು ಕಾಣದಿದ್ದರೆ ಡ್ರೈವರುಗಳಿಗೆ ಹಾಡೇ ಅಳಿಸಿಹೋದಂತೆ. "ನಮ್ಮ ಹಾಡು ಎಲ್ಲಿ ಹಾರಿಸಿದಿ?" ಎಂದು ಹನಮಪ್ಪ ಅವನ ಬೈಕಿನ ಕೀಲಿಯನ್ನೇ ಕಸಿದುಕೊಂಡಿದ್ದನಂತೆ. ಕೊನೆಗೆ ಪುರ್ತಗೇರಿಯಿಂದ ನನಗೆ ಫೋನ್ ಬಂತು.

"ರೇಷ್ಮಾ, ನಾ ಹೇಳಿದ್ರ ಇಲ್ಲಿ ಯಾರೂ ನಂಬವಲ್ರು. ನೀವಽ ಬರಬೇಕು."

ಹೋದೆ. ಅವನ ಫಜೀತಿ ನೋಡುವುದಕ್ಕೆ ಎಂದು ನನಗೆ ನಾನೇ ಹೇಳಿಕೊಂಡೆ.

ಬೇವಿನ ಗಿಡದ ಕೆಳಗೆ ಟ್ರ್ಯಾಕ್ಟರುಗಳು ನಿಂತಿದ್ದವು. ಅಂದಾನಪ್ಪ ಎಂಬ ಡ್ರೈವರ್ ಟೇಪಿನ ಮೇಲಿದ್ದ ನನ್ನ ಫೋಟೋ ತೋರಿಸಿ, "ಇಕಿ ಯಾರಲೇ? ನಮಗ ಮೊದಲಿನಾಕಿ ಬೇಕು," ಎಂದು ಕೂಗಾಡುತ್ತಿದ್ದ.

ಮೈಲಾರಿ ಎಲ್ಲರ ನಡುವೆ ನಿಂತ. ಗಟ್ಟಿಯಾಗಿ ಹೇಳಿದ. "ಹಾಡಿದಾಕಿ ಇಕೀನಽ, ಇಲ್ಲೇ ನಿಂತಾಳ. ಇಕಿ ಮಾರಿ ಮುಚ್ಚಿಟ್ಟಾಂವ ನಾ. ಯಾರೂ ನೋಡಬಾರದಂತ ಹೊಟ್ಟಿಕಿಚ್ಚಿಗಿ ಮುಚ್ಚಿಟ್ಟಿದ್ನಿ. ತಪ್ಪು ನಂದು."

ಇಷ್ಟು ಮಂದಿಯ ಮುಂದೆ ಗಂಡಸೊಬ್ಬ ಹಾಗೆ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಅವನನ್ನು ಇನ್ನೂ ಬೈಯಬೇಕೆಂದು ಕೂಡಿಸಿಟ್ಟುಕೊಂಡ ಮಾತು ಒಂದೂ ನೆನಪಾಗಲಿಲ್ಲ. ಪ್ರೀತಿ ಉಕ್ಕಿ ಬಂತು, ಏನು ಮಾಡಲಿ.

"ಖರೇ ಇದ್ರ ಹಾಡಿ ತೋರಸಲಿ," ಎಂದ ಅಂದಾನಪ್ಪ. ಡೊಳ್ಳಿಲ್ಲದೆ, ಹಾರ್ಮೋನಿಯಂ ಪೇಟಿಯಿಲ್ಲದೆ ಹಾಡಿದೆ. ಮೊದಲ ನುಡಿ ಮುಗಿಯುವುದರೊಳಗೆ ಅವನು ತಲೆಯ ಟವೆಲ್ ತೆಗೆದು ಕೈಯಲ್ಲಿ ಹಿಡಿದಿದ್ದ.

ಟ್ರೇಲರಿನಿಂದ ಗಾಳೆವ್ವ ಎಂಬ ಮುದುಕಿ ಇಳಿದು ಬಂದು ನನ್ನ ಗದ್ದ ಹಿಡಿದಳು. "ನೀನಽ ಏನವಾ ನನ್ನವ್ವ! ಆ ಬಿಳಿ ಹುಡಿಗಿಗಿ ಉಳ್ಳಾಗಡ್ಡಿ ಸುದ್ದಿ ಹ್ಯಾಂಗ ಗೊತ್ತಾತಂತ ನಾ ಚಿಂತಿ ಮಾಡತಿದ್ನಿ." ಆಮೇಲೆ ಮೈಲಾರಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಇಂವ ಯಾರು?"

"ನಾ ಹಾಡು ತುಂಬಾಂವಬೇ," ಎಂದ ಮೈಲಾರಿ, ನೆಲ ನೋಡುತ್ತ.

"ಪೂರಾ ಹೇಳವಲ್ಲ ನೋಡ ಆಯಿ," ಎಂದೆ, ಬೇವಿನ ಗಿಡದ ಕೆಳಗಿದ್ದವರಿಗೆಲ್ಲ ಕೇಳುವಂತೆ. "ನಾ ಲಗ್ನ ಆಗಾಂವ ಇಂವ. ಎಲ್ಲಾರೂ ಮಾರಿ ನೋಡಿ ಇಟಗೋರಿ."